ಮನೆಯಲ್ಲಿ ಕಟ್ಟಿದ ರೌಟರ್ ಸ್ಪಿಂಡಲ್ ಬಿಸಿಯಾಗುತ್ತದೆ, ಕೂಗುತ್ತದೆ: ದೋಷ ಹುಡುಕುವ ಕ್ರಮ

ಸ್ಪಿಂಡಲ್ ಬಿಸಿಯಾದರೂ ಪ್ರೀಲೋಡ್ ತಪ್ಪು, ಕೂಗಿದರೂ ಪ್ರೀಲೋಡ್ ತಪ್ಪು, ಮರದ ಮೇಲೆ ಗೆರೆ ಬಿದ್ದರೂ ಪ್ರೀಲೋಡ್ ತಪ್ಪು. ಸ್ಪಿಂಡಲ್ಲನ್ನು ತಾವೇ ಕಟ್ಟಿಕೊಂಡವರ ಬಾಯಲ್ಲಿ ಮೊದಲು ಬರುವುದು ಇದೇ. (ಸ್ಪಿಂಡಲ್ ಅಂದರೆ ಮರ ಕೊರೆಯುವ ರೌಟರ್ ಯಂತ್ರದಲ್ಲಿ ಬಿಟ್ ಹಿಡಿದು ತಿರುಗುವ ಭಾಗ; ಪ್ರೀಲೋಡ್ ಅಂದರೆ ಅದರ ಬೇರಿಂಗುಗಳು ಅಲ್ಲಾಡದ ಹಾಗೆ ಜೋಡಿಸುವಾಗಲೇ ಅವುಗಳ ಮೇಲೆ ಹಾಕಿಡುವ ಒತ್ತಡ.) ಕೂಡಲೇ ಸ್ಪ್ಯಾನರ್ ಹಿಡಿದು ಹಿಂದಿನ ನಟ್ಟಿಗೆ ಕೈ ಹಾಕುತ್ತಾರೆ. ಸ್ವಲ್ಪ ನಿಲ್ಲಿ ಮಾರಾಯ್ರೇ. ಬಿಚ್ಚಿದ ಪ್ರತಿ ಸಲ ಬೇರಿಂಗಿಗೆ ಒಂದಿಷ್ಟು ಏಟು ಬೀಳುತ್ತದೆ, ಧೂಳು ಒಳಗೆ ಹೋಗುತ್ತದೆ, ಮೊದಲಿನ ಸ್ಥಿತಿ ಏನಿತ್ತು ಎನ್ನುವ ಸಾಕ್ಷಿಯೂ ಹೋಗುತ್ತದೆ. ಹೊರಗಿನಿಂದಲೇ ತಿಳಿದುಕೊಳ್ಳಬಹುದಾದದ್ದು ತುಂಬಾ ಉಂಟು. ಒಂದು ಡಯಲ್ ಗೇಜ್ (ಸಣ್ಣ ಸರಿದಾಟ ಅಳೆಯುವ, ಗಡಿಯಾರದಂಥ ಮಾಪಕ), ಒಂದು ಥರ್ಮಾಮೀಟರ್, ಒಂದು ಸ್ಪ್ರಿಂಗ್ ತಕ್ಕಡಿ ಇದ್ದರೆ ಸಾಕು.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಮಾದರಿ ಇಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಕಟ್ಟುವಾಗ ಜಾಸ್ತಿ ಜನ ಹಿಡಿಯುವ ದಾರಿ ಇದು. 20 ಮಿಲಿಮೀಟರ್ ನೇರ ಶ್ಯಾಂಕ್ ಇರುವ ಇಆರ್ 20 ಕಾಲೆಟ್ (ಬಿಟ್ಟನ್ನು ಬಿಗಿ ಹಿಡಿಯುವ ಸೀಳು ಬುಷ್) ಹೋಲ್ಡರೇ ಶಾಫ್ಟ್. ಅದರ ಮೇಲೆ ಎರಡು 7004 ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್, ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಸ್ಪೇಸರ್ (ಅಂತರ ಕಾಯುವ ಬಳೆ). ಹಿಂದೆ ಎಂ 20, 1 ಮಿಲಿಮೀಟರ್ ಪಿಚ್‌ನ ಲಾಕ್‌ನಟ್. ಪಕ್ಕದ ಮೋಟಾರಿನಿಂದ ಬೆಲ್ಟ್ ಮೂಲಕ ಸುಮಾರು 12,000 ಆರ್‌ಪಿಎಂ. 7004 ಅಂದರೆ ಒಳಗೆ 20, ಹೊರಗೆ 42, ದಪ್ಪ 12 ಮಿಲಿಮೀಟರ್. ನಿಮ್ಮದು ಬೇರೆ ಸೈಜ್ ಇದ್ದರೆ ಅಂಕಿ ಬದಲಾಗುತ್ತದೆ, ಹುಡುಕುವ ಕ್ರಮ ಬದಲಾಗುವುದಿಲ್ಲ.

ಬೆಲ್ಟ್ ತೆಗೆದು ಶುರು ಮಾಡಿ

ಮೊದಲು ಪ್ಲಗ್ ಕೀಳಿ, ಬಿಟ್ ತೆಗೆಯಿರಿ, ಬೆಲ್ಟ್ ಕಳಚಿ. ಆಮೇಲೆ ಪ್ಲಗ್ ಹಾಕಿ ಮೋಟಾರೊಂದನ್ನೇ ಓಡಿಸಿ ನೋಡಿ. ಕೂಗು ಅಲ್ಲೇ ಇದ್ದರೆ ಸ್ಪಿಂಡಲ್ ಪಾಪದ್ದು, ಅದನ್ನು ಬಿಟ್ಟುಬಿಡಿ. ಮೋಟಾರ್ ಓಡುತ್ತಿರುವಾಗ ಕರೆಂಟ್ ಕಡಿದು ಕಿವಿ ಕೊಡಿ. ಆ ಕ್ಷಣಕ್ಕೇ ಸದ್ದು ನಿಂತರೆ ಅದು ವಿದ್ಯುತ್ತಿನ ಸದ್ದು, ವಿಎಫ್‌ಡಿ (ಮೋಟಾರಿನ ವೇಗ ಹೊಂದಿಸುವ ಪೆಟ್ಟಿಗೆ) ಅಥವಾ ವೈಂಡಿಂಗ್ ಕಡೆಯದ್ದು. ತಿರುಗುವ ವೇಗ ಇಳಿದ ಹಾಗೆ ಸದ್ದೂ ಇಳಿದರೆ ಅದು ತಿರುಗುವ ಭಾಗದ್ದು. ಬೆಲ್ಟ್ ಮತ್ತೆ ಹಾಕಿ ಓಡಿಸಿದಾಗ ಹಿಂದಿನ ಬೇರಿಂಗ್ ಮಾತ್ರ ಬಿಸಿಯಾಗುತ್ತದೆ ಅಂದರೆ ಬೆಲ್ಟ್ ಅತಿ ಬಿಗಿ ಇರುವ ಸಾಧ್ಯತೆ ಜಾಸ್ತಿ. ಪ್ರೀಲೋಡಿಗೂ ಅದಕ್ಕೂ ಸಂಬಂಧ ಇಲ್ಲ. ಜಾರದಷ್ಟು ಬಿಗಿ ಇದ್ದರೆ ಸಾಕು, ತಂಬೂರಿ ತಂತಿ ಬೇಕಾಗಿಲ್ಲ.

ನಡುಕ ಇದ್ದರೆ ವೇಗವನ್ನು ನಿಧಾನ ಏರಿಸುತ್ತಾ ಹೋಗಿ. ಒಂದೇ ಒಂದು ವೇಗದಲ್ಲಿ ಜೋರಾಗಿ ನಡುಗಿ, ಅದನ್ನು ದಾಟಿದ ಮೇಲೆ ಸುಮ್ಮನಾದರೆ ಅದು ಚೌಕಟ್ಟಿನ ಅನುರಣನ. ಸ್ಪಿಂಡಲ್ ಹಿಡಿದ ಕ್ಲ್ಯಾಂಪ್, ಗ್ಯಾಂಟ್ರಿಯ (ಸ್ಪಿಂಡಲ್ಲನ್ನು ಹೊತ್ತು ಓಡಾಡುವ ಅಡ್ಡ ಚೌಕಟ್ಟಿನ) ಬೋಲ್ಟ್ ನೋಡಿ. ವೇಗದ ಜೊತೆ ನಡುಕವೂ ಏರುತ್ತಲೇ ಹೋದರೆ ಬ್ಯಾಲೆನ್ಸ್ ತಪ್ಪಿದೆ. ವೇಗ ಎರಡು ಪಟ್ಟಾದರೆ ಬ್ಯಾಲೆನ್ಸ್ ತಪ್ಪಿದ ಬಲ ನಾಲ್ಕು ಪಟ್ಟಾಗುತ್ತದೆ. ಪುಲ್ಲಿಯ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ), ಕೀ ವೇ (ಕೀಲಿ ಕೂರುವ ಸೀಳು), ಕಾಲೆಟ್ ನಟ್, ಇವು ಮೂರೇ ಮಾಮೂಲಿ ಅಪರಾಧಿಗಳು.

ಕೈಯಲ್ಲಿ ತಿರುಗಿಸಿದಾಗ

ಬೆಲ್ಟ್ ಇಲ್ಲದ ಸ್ಪಿಂಡಲ್ಲನ್ನು ಎರಡು ಬೆರಳಲ್ಲಿ ನಿಧಾನ ತಿರುಗಿಸಿ. ಅವಸರ ಮಾಡಬೇಡಿ, ಒಂದು ಪೂರ್ತಿ ಸುತ್ತಿಗೆ ಹತ್ತು ಸೆಕೆಂಡು ಕೊಡಿ. ಸರಿಯಾದ ಪ್ರೀಲೋಡ್ ಇರುವ ಸ್ಪಿಂಡಲ್ ಸ್ವಲ್ಪ ಹಿಡಿದುಕೊಂಡೇ ತಿರುಗುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ. ಬಿಟ್ಟರೆ ಫ್ಯಾನಿನ ಹಾಗೆ ಸುತ್ತುತ್ತಲೇ ಇರುವ ಸ್ಪಿಂಡಲ್ ನೋಡಿ ಖುಷಿ ಪಡಬೇಡಿ. ಅದರಲ್ಲಿ ಪ್ರೀಲೋಡೇ ಇಲ್ಲದಿರಬಹುದು.

ಇಲ್ಲಿ ಮೂರು ಬಗೆಯ ಹಿಡಿತವನ್ನು ಬೇರೆ ಬೇರೆ ಗುರುತಿಸಬೇಕು. ಗಡುಗಡು ಅಂತ ಮೆಟ್ಟಿಲು ಹತ್ತಿದ ಹಾಗೆ ಬೆರಳಿಗೆ ತಾಗಿದರೆ ಬಾಲ್ ಓಡುವ ದಾರಿಯಲ್ಲಿ ಗುಳಿ ಬಿದ್ದಿದೆ. ಬೇರಿಂಗನ್ನು ಶಾಫ್ಟಿಗೆ ಕೂರಿಸುವಾಗ ಹೊರಗಿನ ರಿಂಗಿಗೆ ಬಡಿದಿರುತ್ತಾರೆ, ಆ ಏಟೆಲ್ಲ ಬಾಲ್‌ಗಳ ಮೂಲಕವೇ ಹೋಗಿರುತ್ತದೆ. ಇಂಥ ಬೇರಿಂಗಿಗೆ ಮದ್ದಿಲ್ಲ. ಗುಳಿಯ ಲಯ ಇಲ್ಲದೆ ಅಲ್ಲೊಂದು ಇಲ್ಲೊಂದು ಕರಕರ ಅಂದರೆ ಕಸ, ತೊಳೆದರೆ ಹೋದೀತು. ಮೂರನೆಯದು ಸಮನಾದ, ಭಾರವಾದ ಹಿಡಿತ. ಗೊಂದಲ ಆಗುವುದು ಇಲ್ಲೇ, ಯಾಕೆಂದರೆ ಹೊಸ ಗ್ರೀಸೂ ಹೀಗೇ ಹಿಡಿಯುತ್ತದೆ, ಅತಿ ಪ್ರೀಲೋಡೂ ಹೀಗೇ ಹಿಡಿಯುತ್ತದೆ.

ಇವೆರಡನ್ನು ಬೇರೆ ಮಾಡಲು ಪುಲ್ಲಿಗೆ ನೂಲು ಸುತ್ತಿ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ನಿಧಾನ ಎಳೆಯಿರಿ. ಎಷ್ಟು ಗ್ರಾಂನಲ್ಲಿ ಒಂದೇ ಸಮ ತಿರುಗುತ್ತದೆ ಅಂತ ಬರೆದಿಡಿ. ಆಮೇಲೆ ಕೈಯಲ್ಲೇ ಐದು ನಿಮಿಷ ಸುತ್ತಿ ಮತ್ತೆ ಎಳೆಯಿರಿ. ಅಂಕಿ ಇಳಿದರೆ ಅದು ಗ್ರೀಸಿನ ಹಿಡಿತ. ಅಷ್ಟೇ ಇದ್ದರೆ ಅದು ಪ್ರೀಲೋಡ್. ಎಷ್ಟು ಗ್ರಾಂ ಬರಬೇಕು ಅಂತ ಕೇಳಬೇಡಿ, ಪುಲ್ಲಿಯ ಗಾತ್ರ, ಗ್ರೀಸ್, ಸೀಲ್ ಎಲ್ಲದರ ಮೇಲೂ ಅದು ನಿಂತಿದೆ. ನಿಮ್ಮ ಸ್ಪಿಂಡಲ್ ಚೆನ್ನಾಗಿ ಓಡುತ್ತಿದ್ದ ದಿನದ ಅಂಕಿಯೇ ನಿಮಗೆ ಬೇಕಾದ ಅಂಕಿ. ಅದಕ್ಕೇ ಹೊಸದಿರುವಾಗಲೇ ಅಳೆದು ಹೌಸಿಂಗ್ (ಬೇರಿಂಗುಗಳನ್ನು ಕೂರಿಸಿದ ಹೊರ ಕವಚ) ಮೇಲೆ ಮಾರ್ಕರಿನಲ್ಲಿ ಬರೆದಿಡುವುದು ಒಳ್ಳೆಯದು.

ಡಯಲ್ ಹೇಳುವುದು

ಡಯಲ್ ಗೇಜಿನ ತುದಿಯನ್ನು ಶಾಫ್ಟಿನ ಮೂತಿಗೆ, ಉದ್ದಕ್ಕೆ ಸರಿಯಾಗಿ ಇಡಿ. ಶಾಫ್ಟನ್ನು ಹಿಂದಕ್ಕೂ ಮುಂದಕ್ಕೂ ತಕ್ಕಡಿಯಿಂದ ಎಳೆಯಿರಿ. ಮೊದಲು 2 ಕೆಜಿ, ಆಮೇಲೆ 4, 6, 8. ಪ್ರತಿ ಸಲ ಡಯಲ್ ಎಷ್ಟು ಸರಿಯಿತು ಅಂತ ಬರೆಯಿರಿ. ಪ್ರೀಲೋಡ್ ಇರುವ ಬೇರಿಂಗೂ ಸ್ವಲ್ಪ ಮಣಿಯುತ್ತದೆ, ಆದರೆ ಬಲಕ್ಕೆ ತಕ್ಕ ಹಾಗೆ ಮಣಿಯುತ್ತದೆ, ಬಿಟ್ಟರೆ ಸೊನ್ನೆಗೆ ವಾಪಸ್ ಬರುತ್ತದೆ. ಮೊದಲ 2 ಕೆಜಿಗೇ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸರಿದು, ಆಮೇಲಿನ 6 ಕೆಜಿಗೆ ಮುಳ್ಳು ಅಲುಗಾಡದೇ ಇದ್ದರೆ, ಬಿಟ್ಟಾಗ ಅಲ್ಲೇ ನಿಂತರೆ, ಅದು ಪ್ಲೇ, ಅಂದರೆ ಒಳಗಿನ ಸಡಿಲ. ಪ್ರೀಲೋಡ್ ಹೋಗಿದೆ ಅಥವಾ ಮೊದಲಿನಿಂದಲೂ ಇರಲಿಲ್ಲ.

ಒಂದು ದಿಕ್ಕಿಗೆ ಗಟ್ಟಿ, ಇನ್ನೊಂದು ದಿಕ್ಕಿಗೆ ಸಡಿಲ ಅಂತಾದರೆ ಬೇರಿಂಗ್ ಎರಡೂ ಒಂದೇ ಕಡೆ ಮುಖ ಮಾಡಿ ಕೂತಿರುವ ಸಾಧ್ಯತೆ ಜಾಸ್ತಿ. ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಅಕ್ಷದ ಉದ್ದಕ್ಕೆ ಒಂದೇ ದಿಕ್ಕಿನ ಭಾರ ಹೊರುತ್ತದೆ. ಅದಕ್ಕೇ ಜೋಡಿಯಾಗಿ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಕೂರಿಸುವುದು. ಜೋಡಿಯಾಗಿಯೇ ಮಾರುವ ಬೇರಿಂಗ್‌ಗಳ ಹೊರಮೈ ಮೇಲೆ ಸಾಮಾನ್ಯವಾಗಿ ಬಾಣದ ಹಾಗೆ ಒಂದು ಗುರುತು ಇರುತ್ತದೆ, ಎರಡನ್ನೂ ಸರಿಯಾಗಿ ಜೋಡಿಸಿದಾಗ ಗೆರೆಗಳು ಸೇರಿ ಅದು ಪೂರ್ತಿಯಾಗುತ್ತದೆ. ಗ್ರೀಸ್ ಮೆತ್ತುವ ಮುಂಚೆ ಅದನ್ನು ನೋಡಿಟ್ಟುಕೊಳ್ಳಿ.

ಈಗ ಅಡ್ಡ ಓಲಾಟ. ಲಿವರ್ ಡಯಲ್ಲಿನ ತುದಿಯನ್ನು ಕಾಲೆಟ್ ಕೂರುವ ಟೇಪರಿನ ಒಳಮೈಗೆ ತಾಗಿಸಿ ತಿರುಗಿಸಿ. ಇಲ್ಲಿ 5 ಮೈಕ್ರಾನಿನ ಒಳಗಿದ್ದರೆ ಮನೆಯ ಕೆಲಸಕ್ಕೆ ತುಂಬಾ ಚೆನ್ನ. ಆಮೇಲೆ ಕಾಲೆಟಿಗೆ ಒಂದು ನೇರ ಡೋವೆಲ್ ಪಿನ್ ಹಾಕಿ ಮತ್ತೆ ನೋಡಿ. ಟೇಪರ್ ಸರಿ, ಪಿನ್ ಓಲಾಡುತ್ತದೆ ಅಂದರೆ ಬೇರಿಂಗ್ ಕಡೆ ತಿರುಗಿಯೂ ನೋಡಬೇಡಿ. ಕಾಲೆಟನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಎತ್ತರದ ಬಿಂದು ಕಾಲೆಟಿನ ಜೊತೆ ಸುತ್ತಿದರೆ ಕಾಲೆಟ್ ಕೆಟ್ಟಿದೆ. ಶಾಫ್ಟಿನ ಜೊತೆಗೇ ಉಳಿದರೆ ಟೇಪರಿನಲ್ಲಿ ಕಸ ಅಥವಾ ಏಟು. ಇಆರ್ ಕಾಲೆಟನ್ನು ಮೊದಲು ನಟ್ಟಿನೊಳಗೆ ಟಕ್ ಅಂತ ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಶಾಫ್ಟಿಗೆ ಹಾಕಬೇಕು. ಕಾಲೆಟ್ ಶಾಫ್ಟಿಗೆ, ನಟ್ ಆಮೇಲೆ ಅಂತ ಮಾಡಿದರೆ ಓಲಾಟ ಗ್ಯಾರಂಟಿ. ಹಲಸಿನ ಮರದ ಅಂಟು ಧೂಳು ಕಾಲೆಟಿನ ಸೀಳುಗಳಲ್ಲಿ ಕೂತರೂ ಅಷ್ಟೇ.

ಆಳ ತಾನೇ ಜಾಸ್ತಿಯಾಗುವುದು

ಇದು ಮರದವರಿಗೆ ತುಂಬಾ ತಲೆ ತಿನ್ನುವ ದೋಷ. 6 ಮಿಲಿಮೀಟರ್ ಆಳದ ಪಾಕೆಟ್ (ಮರದಲ್ಲಿ ಕೊರೆಯುವ ಗುಂಡಿ) ಹೇಳಿದರೆ ಕೊನೆಗೆ ಆರೂವರೆ ಆಗಿರುತ್ತದೆ. ಸುರುಳಿಯ ಬಿಟ್ ಮೇಲ್ಮುಖ ಕತ್ತರಿಸುವಾಗ ಮರದ ಚೂರನ್ನು ಮೇಲೆ ಎತ್ತುತ್ತದೆ, ತಾನು ಕೆಳಗೆ ಎಳೆಯಲ್ಪಡುತ್ತದೆ. ಹೀಗಾಗಿ ಕೆಳಗೆ ಜಾರುವವರು ಮೂರು ಜನ ಇರಬಹುದು: ಕಾಲೆಟಿನಲ್ಲಿ ಬಿಟ್, ಹೌಸಿಂಗಿನಲ್ಲಿ ಶಾಫ್ಟ್, ಅಥವಾ ಇಡೀ ಝಡ್ ಅಕ್ಷ (ಸ್ಪಿಂಡಲ್ಲನ್ನು ಮೇಲೆ ಕೆಳಗೆ ಮಾಡುವ ಭಾಗ). ಬಿಟ್ಟಿನ ಶ್ಯಾಂಕ್ ಕಾಲೆಟಿನ ಬಾಯಿಗೆ ತಾಗುವ ಕಡೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಕೆಲಸ ಮುಗಿದ ಮೇಲೆ ಗೆರೆ ಕೆಳಗೆ ಬಂದಿದ್ದರೆ ಕಾಲೆಟ್ ಹಿಡಿಯುತ್ತಿಲ್ಲ. ಗೆರೆ ಅಲ್ಲೇ ಇದ್ದು ಆಳ ತಪ್ಪಿದರೆ ಡಯಲ್ಲಿನಿಂದ ಶಾಫ್ಟ್ ನೋಡಿ, ಆಮೇಲೆ ಝಡ್.

ಆದರೆ ಅಳತೆಯ ಲೆಕ್ಕ ಹಿಡಿದುಕೊಳ್ಳಿ. ಬೇರಿಂಗಿನ ಪ್ಲೇಯಿಂದ ಅರ್ಧ ಮಿಲಿಮೀಟರ್ ತಪ್ಪುವುದು ಕಷ್ಟ. ಅಷ್ಟು ದೊಡ್ಡ ತಪ್ಪು ಬಂದರೆ ಕಾಲೆಟ್, ಇಲ್ಲವೇ ಝಡ್ ಮೋಟಾರ್ ಹೆಜ್ಜೆ ತಪ್ಪಿದ್ದು. ಒಂದು ಅಪವಾದ ಉಂಟು. ಸ್ಪ್ರಿಂಗ್ ವಾಷರಿನಿಂದ ಪ್ರೀಲೋಡ್ ಕೊಟ್ಟವರು ಸ್ಪ್ರಿಂಗನ್ನು ತಪ್ಪು ಕಡೆ ಇಟ್ಟರೆ ಬಿಟ್ಟಿನ ಎಳೆತವನ್ನು ಆ ಸ್ಪ್ರಿಂಗೇ ತಡೆಯಬೇಕಾಗುತ್ತದೆ. ಎಳೆತ ಸ್ಪ್ರಿಂಗಿನ ಬಲ ಮೀರಿದ ಕೂಡಲೇ ಶಾಫ್ಟ್ ಕೆಳಗೆ ಇಳಿಯುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಕೆಳಗಿನ ಎಳೆತವನ್ನು ಗಟ್ಟಿಯಾಗಿ ಕೂತ ಬೇರಿಂಗ್ ಹೊರಬೇಕು, ಸ್ಪ್ರಿಂಗ್ ಇನ್ನೊಂದು ಬೇರಿಂಗನ್ನು ಒತ್ತಿ ಹಿಡಿಯಬೇಕು ಅಷ್ಟೇ.

ಬಿಸಿ: ಇಲ್ಲಿ ನಿಜವಾದ ಪ್ರೀಲೋಡ್ ಸಿಕ್ಕಿಬೀಳುತ್ತದೆ

ಎಷ್ಟು ಬಿಸಿ ಎನ್ನುವುದಕ್ಕಿಂತ ಹೇಗೆ ಬಿಸಿಯಾಯಿತು ಎನ್ನುವುದು ಮುಖ್ಯ. ಬಿಟ್ ಇಲ್ಲದೆ ಓಡಿಸಿ, ಮುಂದಿನ ಬೇರಿಂಗಿನ ಹೊರಗೆ ಐದೈದು ನಿಮಿಷಕ್ಕೆ ಉಷ್ಣತೆ ಬರೆಯಿರಿ. ಗನ್ ಥರ್ಮಾಮೀಟರಾದರೆ ಹೌಸಿಂಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದಕ್ಕೆ ಗುರಿ ಇಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ.

ಉಷ್ಣತೆ ಏರಿ, ಒಂದು ಮಟ್ಟಕ್ಕೆ ಹೋಗಿ, ಸ್ವಲ್ಪ ಇಳಿದು ನಿಂತರೆ ಏನೂ ದೋಷ ಇಲ್ಲ. ಹೊಸ ಗ್ರೀಸ್ ಬಾಲ್‌ಗಳ ದಾರಿಯಿಂದ ಪಕ್ಕಕ್ಕೆ ಸರಿಯುವಾಗ ಹೀಗಾಗುತ್ತದೆ. ಏರುತ್ತಲೇ ಹೋಗಿ ನಿಲ್ಲದೇ ಇದ್ದರೆ, ಅದರಲ್ಲೂ ಹೋದ ಹಾಗೆ ಬೇಗ ಬೇಗ ಏರಿದರೆ, ಕೂಡಲೇ ನಿಲ್ಲಿಸಿ. ಇದು ಪ್ರೀಲೋಡ್ ತನ್ನಷ್ಟಕ್ಕೆ ಬೆಳೆಯುತ್ತಿರುವ ಲಕ್ಷಣ: ಬಿಸಿಯಿಂದ ಬಿಗಿ, ಬಿಗಿಯಿಂದ ಇನ್ನೂ ಬಿಸಿ. ಮೇ ತಿಂಗಳ ಮಂಗಳೂರಿನಲ್ಲಿ ಕೊಟ್ಟಿಗೆಯ ಗಾಳಿಯೇ 33-34 ಡಿಗ್ರಿ ಇರುತ್ತದೆ, ಹಾಗಾಗಿ ಹೌಸಿಂಗ್ 50 ದಾಟಿತು ಅಂತ ಹೆದರಬೇಕಾಗಿಲ್ಲ. ಗಾಳಿಗಿಂತ 20-25 ಡಿಗ್ರಿ ಜಾಸ್ತಿಯಲ್ಲಿ ನಿಂತರೆ ನಾನು ಓಡಲು ಬಿಡುತ್ತೇನೆ. ಅದಕ್ಕೂ ಮೀರಿ ಏರಿದರೆ ಬಿಡುವುದಿಲ್ಲ.

ಇನ್ನು ತಣ್ಣಗಿರುವಾಗ ಎಲ್ಲ ಸರಿ, ಅರ್ಧ ಗಂಟೆಗೆ ಬಿಗಿ ಎನ್ನುವ ದೋಷ. ಇದರ ಮೂಲ ಹೆಚ್ಚಾಗಿ ಅಲ್ಯೂಮಿನಿಯಂ ಹೌಸಿಂಗಿನಲ್ಲಿರುತ್ತದೆ. ಹೌಸಿಂಗಿನ ಒಳಗೆ ನಡುವೆ ಒಂದು ಭುಜ (ಒಳಕ್ಕೆ ಚಾಚಿದ ಮೆಟ್ಟಿಲು) ಉಳಿಸಿ, ಎರಡೂ ಬೇರಿಂಗುಗಳ ಹೊರ ರಿಂಗನ್ನು ಅದಕ್ಕೇ ಒರಗಿಸಿರುತ್ತಾರೆ. ಲೇತಿನಲ್ಲಿ ಸುಲಭ, ನೋಡಲೂ ಚಂದ. ಆದರೆ ಒಳಗಿನ ಸ್ಪೇಸರೂ ಶಾಫ್ಟೂ ಉಕ್ಕು. ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಹನ್ನೊಂದೂವರೆ. ಬೇರಿಂಗುಗಳ ನಡುವೆ 60 ಮಿಲಿಮೀಟರ್ ಅಂತರ ಇದ್ದು ಎರಡೂ 25 ಡಿಗ್ರಿ ಬಿಸಿಯಾದರೆ ಹೊರಗಿನ ಭುಜ ಒಳಗಿನ ಸ್ಪೇಸರಿಗಿಂತ 17 ಮೈಕ್ರಾನ್ ಜಾಸ್ತಿ ಬೆಳೆಯುತ್ತದೆ. ಬೆನ್ನಿಗೆ ಬೆನ್ನು ಕೂತ ಜೋಡಿಯಲ್ಲಿ ಹೊರ ರಿಂಗುಗಳು ದೂರ ಹೋದಷ್ಟೂ ಬಿಗಿ. ಲೈಟ್ ಪ್ರೀಲೋಡ್ ಎನ್ನುವುದು ಕೆಲವೇ ಮೈಕ್ರಾನಿನ ವಿಷಯ. 17 ಮೈಕ್ರಾನ್ ಅದನ್ನು ಎಷ್ಟೋ ಪಟ್ಟು ಏರಿಸಿಬಿಡುತ್ತದೆ.

ಅದೇ ಬಿಸಿ ಇನ್ನೊಂದು ಕಡೆ ಸಡಿಲವನ್ನೂ ಮಾಡುತ್ತದೆ. 42 ಮಿಲಿಮೀಟರಿನ ಅಲ್ಯೂಮಿನಿಯಂ ಬೋರ್ ಆ 25 ಡಿಗ್ರಿಗೆ ಬೇರಿಂಗಿನ ಹೊರ ರಿಂಗಿಗಿಂತ 12 ಮೈಕ್ರಾನ್ ಜಾಸ್ತಿ ಅಗಲವಾಗುತ್ತದೆ. ತಣ್ಣಗಿರುವಾಗ ಕೈಯಲ್ಲಿ ಒತ್ತಿದರೆ ಕೂರುವ ಫಿಟ್ ಇದ್ದರೆ ಬಿಸಿಯಲ್ಲಿ ರಿಂಗೇ ಸುತ್ತತೊಡಗುತ್ತದೆ. ಹಾಗಾಗಿ ಡಯಲ್ ಪರೀಕ್ಷೆಯನ್ನು ತಣ್ಣಗೆ ಒಮ್ಮೆ, ನಿಲ್ಲಿಸಿದ ಕೂಡಲೇ ಬಿಸಿಯಲ್ಲಿ ಒಮ್ಮೆ ಮಾಡಿ. ಬಿಸಿಯಲ್ಲಿ ಮೂತಿ ಅಡ್ಡಕ್ಕೆ ಸಡಿಲ, ತಿರುಗಿಸಿದರೆ ಬಿಗಿ ಅಂತಾದರೆ ಹೌಸಿಂಗೇ ಕಾರಣ, ಬೇರೆ ಹುಡುಕಬೇಡಿ. ನನ್ನ ಮಟ್ಟಿಗೆ ಹೌಸಿಂಗ್ ಮೈಲ್ಡ್ ಸ್ಟೀಲಿನದ್ದೇ ಇರಲಿ. ತೂಕ ಜಾಸ್ತಿ, ಸಮುದ್ರದ ಗಾಳಿಗೆ ತುಕ್ಕೂ ಹಿಡಿಯುತ್ತದೆ, ಪೇಂಟ್ ಹೊಡೆಯಬೇಕು. ಆದರೂ ಬಿಸಿಯಲ್ಲಿ ಶಾಫ್ಟಿನ ಜೊತೆಗೇ ಹಿಗ್ಗುತ್ತದೆ. ಅಲ್ಯೂಮಿನಿಯಮ್ಮೇ ಬೇಕು ಅಂದರೆ ಭುಜ ತೆಗೆದು ಅದರ ಬದಲು ಉಕ್ಕಿನ ಹೊರ ಸ್ಪೇಸರ್ ಹಾಕಿ. ಇಲ್ಲವೇ ಒಂದು ಬೇರಿಂಗನ್ನು ಸ್ಪ್ರಿಂಗ್ ಮೇಲೆ ತೇಲಲು ಬಿಡಿ, ಸ್ಪ್ರಿಂಗಿನ ಬಲ ಬಿಸಿಗೆ ಅಷ್ಟೇನೂ ಬದಲಾಗುವುದಿಲ್ಲ.

ಗ್ರೀಸನ್ನೂ ಮರೆಯಬೇಡಿ. ಬೇರಿಂಗಿನ ಸರಾಸರಿ ವ್ಯಾಸವನ್ನು ವೇಗದಿಂದ ಗುಣಿಸಿ. 7004ಕ್ಕೆ 31 ಗುಣಿಸು 12,000, ಅಂದರೆ 3,72,000. ಕಾರಿನ ವೀಲ್ ಬೇರಿಂಗಿಗೆ ಹಾಕುವ ಮಾಮೂಲಿ ಲಿಥಿಯಂ ಗ್ರೀಸಿಗೆ ಇದು ಆಗಲೇ ಕಷ್ಟದ ಜಾಗ. ಹೈಸ್ಪೀಡ್ ಸ್ಪಿಂಡಲ್ ಗ್ರೀಸೇ ತನ್ನಿ, ಖಾಲಿ ಜಾಗದ ಕಾಲು ಭಾಗದಷ್ಟು ಮಾತ್ರ ತುಂಬಿ. ಪೂರ್ತಿ ತುಂಬಿದರೆ ಪ್ರೀಲೋಡ್ ಸರಿ ಇದ್ದರೂ ಕಡಲೆ ಹುರಿಯುವಷ್ಟು ಬಿಸಿಯಾಗುತ್ತದೆ. ರಬ್ಬರ್ ಸೀಲ್ ಒರಸುವ ಬೇರಿಂಗೂ ಹೀಗೇ.

ನಟ್ಟಿನ ಮೇಲೆ ನಂಬಿಕೆ ಬೇಡ

ಎಂ 20, 1 ಮಿಲಿಮೀಟರ್ ಪಿಚ್‌ನ ನಟ್ಟನ್ನು 10 ಡಿಗ್ರಿ ತಿರುಗಿಸಿದರೆ 28 ಮೈಕ್ರಾನ್ ಮುಂದೆ ಹೋಗುತ್ತದೆ. ಬೇಕಾದದ್ದು ಕೆಲವೇ ಮೈಕ್ರಾನ್. ಕೈ ಅಂದಾಜಿನಲ್ಲಿ ಅದನ್ನು ಹೊಂದಿಸುತ್ತೇನೆ ಎನ್ನುವವರಿಗೆ ನಮಸ್ಕಾರ. ಜೋಡಿ ಬೇರಿಂಗು, ಸಮನಾದ ಸ್ಪೇಸರುಗಳಿದ್ದರೆ ನಟ್ ಬರೀ ಒಳ ರಿಂಗುಗಳನ್ನು ಸ್ಪೇಸರಿಗೆ ಒತ್ತಿ ಹಿಡಿಯುತ್ತದೆ, ಪ್ರೀಲೋಡನ್ನು ಕಾರ್ಖಾನೆಯಲ್ಲೇ ಉಜ್ಜಿ ಕೊಟ್ಟಿರುತ್ತಾರೆ. ಪರೀಕ್ಷೆ ಸುಲಭ: ನಟ್ ಬಿಗಿ ಮಾಡುತ್ತಾ ನೂಲು ಎಳೆದು ನೋಡಿ. ಒಂದು ಹಂತದ ನಂತರ ಗ್ರಾಂ ಏರದೇ ನಿಂತರೆ ಸ್ಪೇಸರ್ ಮುಟ್ಟಿದೆ, ಸರಿ ಇದೆ. ಬಿಗಿ ಮಾಡಿದಷ್ಟೂ ಏರುತ್ತಲೇ ಇದ್ದರೆ ಒಳ ಸ್ಪೇಸರ್ ಗಿಡ್ಡ, ನಟ್ಟೇ ಬೇರಿಂಗನ್ನು ಹಿಂಡುತ್ತಿದೆ.

ಬಿಡಿ ಬೇರಿಂಗ್ ತಂದಿದ್ದರೆ ಸ್ಪೇಸರುಗಳು ಸಮ ಇದ್ದರೂ ಸಾಲದು. ಸಪಾಟು ಕಲ್ಲಿನ ಮೇಲೆ ಹೊರ ರಿಂಗಿಗೆ ಆಸರೆ ಕೊಟ್ಟು, ಕ್ಯಾಟಲಾಗ್ ಹೇಳಿದ ಪ್ರೀಲೋಡಿನಷ್ಟೇ ತೂಕವನ್ನು ಒಳ ರಿಂಗಿನ ಮೇಲೆ ಇಡಿ (10 ನ್ಯೂಟನ್ ಅಂದರೆ ಸುಮಾರು 1 ಕೆಜಿ). ಭಾರ ಹೊರುವ ದಿಕ್ಕಿನಲ್ಲೇ ತೂಕ ಬೀಳಬೇಕು. ಒಳ ರಿಂಗ್ ಹೊರ ರಿಂಗಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ನಿಂತಿದೆ ಅಂತ ಡಯಲ್ಲಿನಲ್ಲಿ ಅಳೆಯಿರಿ. ಎರಡೂ ಬೇರಿಂಗಿನ ವ್ಯತ್ಯಾಸ ಕೂಡಿಸಿ ಅಷ್ಟು ಉದ್ದವನ್ನು ಸ್ಪೇಸರಿನಲ್ಲಿ ಸರಿಪಡಿಸಬೇಕು. ಸ್ಪೇಸರ್ ಎರಡನ್ನೂ ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟ್ ಮೇಲೆ ಒಟ್ಟಿಗೆ ಇಟ್ಟು ಒಂದೇ ಸೆಟ್ಟಿಂಗಿನಲ್ಲಿ ಉಜ್ಜಿಸಿ, ಆಮೇಲೆ ಬೇಕಾದದ್ದನ್ನು ಮಾತ್ರ ಇಳಿಸಿ. ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಕಡೆ ಗ್ರೈಂಡಿಂಗ್ ಕೆಲಸ ಹುಡುಕಿದರೆ ಸಿಗುತ್ತದೆ. ಮಲ್ಪೆ, ಬಂದರಿನ ಕಡೆ ಬೋಟಿನ ಶಾಫ್ಟ್ ಮಾಡುವ ಲೇತಿನವರ ಕೈ ಚೆನ್ನಾಗಿಯೇ ಇರುತ್ತದೆ, ಆದರೆ ಅವರ ಕೆಲಸದ ಅಳತೆಯೇ ಬೇರೆ. ಬೇಕಾದದ್ದು 2 ಮೈಕ್ರಾನ್ ಅಂತ ಕಾಗದದಲ್ಲಿ ಬರೆದುಕೊಡಿ.

ಮಳೆಗಾಲದ ನಂತರ ಬಂದ ಸದ್ದು

ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಲಸವಿಲ್ಲದೆ ನಿಂತ ಸ್ಪಿಂಡಲ್ ಶುರು ಮಾಡಿದ ಕೂಡಲೇ ಗುರ್ ಅಂದರೆ ತುಕ್ಕು ಅಂತ ಮೊದಲು ಅನುಮಾನಿಸಿ. ಬಾಲ್ ತಾಗಿ ನಿಂತ ಜಾಗದಲ್ಲಿ ತೇವ ಸೇರಿ ಸಮಾನ ಅಂತರದಲ್ಲಿ ಕಲೆ ಬೀಳುತ್ತದೆ. ಕೈಗೆ ಇದೂ ಗುಳಿಯ ಹಾಗೇ ತಾಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಟ್ಟು, ತುದಿಯನ್ನು ಹೌಸಿಂಗಿಗೆ ಮುಂದೊಮ್ಮೆ ಹಿಂದೊಮ್ಮೆ ತಾಗಿಸಿದರೆ ಯಾವ ಬೇರಿಂಗ್ ಎಂದು ಗೊತ್ತಾಗುತ್ತದೆ. ಮೊಬೈಲಿನ ಸೌಂಡ್ ಸ್ಪೆಕ್ಟ್ರಮ್ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. 12,000 ಆರ್‌ಪಿಎಂ ಅಂದರೆ 200 ಹರ್ಟ್ಸ್, ಅಲ್ಲಿ ಶಿಖರ ಎದ್ದರೆ ಬ್ಯಾಲೆನ್ಸ್. ಬಾಲ್‌ಗಳ ಸಂಖ್ಯೆಯನ್ನು ಇದಕ್ಕೆ ಗುಣಿಸಿ, ಅದರ 0.4ರ ಹತ್ತಿರ ಶಿಖರ ಇದ್ದರೆ ಹೊರ ರಿಂಗು, 0.6ರ ಹತ್ತಿರ ಇದ್ದರೆ ಒಳ ರಿಂಗು. ಹತ್ತು ಬಾಲ್ ಆದರೆ ಸುಮಾರು 800 ಮತ್ತು 1,200. ಅಂದಾಜು ಲೆಕ್ಕ, ಆದರೆ ದಾರಿ ತೋರಿಸುತ್ತದೆ.

ಧೂಳು ಹೊಡೆಯಲು ಕಂಪ್ರೆಸರ್ ಗಾಳಿಯನ್ನು ಮೂತಿಗೆ ಬಿಡುವವರ ಸ್ಪಿಂಡಲ್ ಇಲ್ಲಿ ಬೇಗ ಸಾಯುತ್ತದೆ. ನಮ್ಮ ಕಡೆಯ ಗಾಳಿಯಲ್ಲಿ ತೇವ ಜಾಸ್ತಿ, ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ, ಗಾಳಿಯ ಜೊತೆ ಅದೂ ಧೂಳೂ ಬೇರಿಂಗಿನೊಳಕ್ಕೆ. ಟ್ಯಾಂಕಿನ ಕೆಳಗಿನ ಕಾಕ್ ದಿನಾ ಬಿಚ್ಚಿ, ಮೂತಿಗೆ ಬ್ರಷ್ ಬಳಸಿ. ಕೆಲಸ ಇಲ್ಲದಿದ್ದರೂ ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸಿ.

ಬಿಚ್ಚಲೇಬೇಕಾದರೆ

ತೆಗೆದ ಬೇರಿಂಗನ್ನು ಎಸೆಯುವ ಮುಂಚೆ ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಿಂದ ದೂರ ಇಟ್ಟು ಒಣಗಿಸಿ, ಬಿಸಿಲಲ್ಲಿ ಬಾಲ್ ಓಡಿದ ದಾರಿ ನೋಡಿ. ಗಾಳಿ ಬಿಟ್ಟು ಸುತ್ತಿಸಬೇಡಿ. ಎರಡೂ ಬೇರಿಂಗಿನಲ್ಲಿ ಸುತ್ತಲೂ ಒಂದೇ ಅಗಲದ ಮಸುಕು ಗೆರೆ ಇದ್ದರೆ ಪ್ರೀಲೋಡ್ ಚೆನ್ನಾಗಿತ್ತು, ಕಾರಣ ಬೇರೆಡೆ. ಗೆರೆ ಅಗಲವಾಗಿ, ಕಂದು ನೀಲಿಗೆ ತಿರುಗಿದ್ದರೆ ಅತಿ ಬಿಗಿ. ಹೊರ ರಿಂಗಿನಲ್ಲಿ ಗೆರೆ ಓರೆಯಾಗಿದ್ದರೆ ಬೋರ್ ಅಥವಾ ಸ್ಪೇಸರಿನ ಮುಖ ಓರೆ. ಹೊರಮೈ ಹೊಳಪಾಗಿ ಉಜ್ಜಿದ್ದರೆ ರಿಂಗ್ ಸುತ್ತಿದೆ.

ಹೊಸದನ್ನು ಕೂರಿಸುವಾಗ ಶಾಫ್ಟಿಗೆ ಹೋಗುವುದಾದರೆ ಒಳ ರಿಂಗನ್ನೇ ಒತ್ತಿ, ಹೌಸಿಂಗಿಗೆ ಹೋಗುವುದಾದರೆ ಹೊರ ರಿಂಗನ್ನೇ ಒತ್ತಿ. ಬೆವರು ಕೈಯಲ್ಲಿ ಮುಟ್ಟಬೇಡಿ, ಬೆರಳ ಗುರುತೇ ತುಕ್ಕಾಗುತ್ತದೆ. ಮೊದಲು 3,000 ಆರ್‌ಪಿಎಂನಲ್ಲಿ ಕಾಲು ಗಂಟೆ, ಉಷ್ಣತೆ ನಿಂತ ಮೇಲೆ 6,000, ಆಮೇಲೆ 9,000, 12,000. ಯಾವ ಹಂತದಲ್ಲಾದರೂ ಸರ್ರನೆ ಏರಿದರೆ ನಿಲ್ಲಿಸಿ, ಪೂರ್ತಿ ತಣಿಸಿ, ಹಿಂದಿನ ಹಂತದಿಂದ ಮತ್ತೆ ಶುರು ಮಾಡಿ. ಎರಡು ಮೂರು ಸಲ ಹಾಗೆ ಮಾಡಿದರೂ 9,000ದಲ್ಲಿ ಉಷ್ಣತೆ ನಿಲ್ಲುತ್ತಿಲ್ಲ ಅಂದರೆ ಗ್ರೀಸಿನ ಮಾತು ಮುಗಿಯಿತು, ಸ್ಪೇಸರನ್ನು ಮತ್ತೆ ಅಳೆಯಿರಿ.